ಮೂಸೆಗೆ ಬಾರದ ಮೂರು ಉಂಗುರ

ಬಹಳ ಹಿಂದೆ, ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ, ಹೊನ್ನಗಡ ಎಂಬ ರಾಜ್ಯವಿತ್ತು. ಅಲ್ಲೊಂದು ವೀರಶಾಲೆ. ಕತ್ತಿವಿದ್ಯೆ ಮುಗಿಸಿದವರಿಗೆ ಅಲ್ಲಿ ಉಂಗುರ ತೊಡಿಸುತ್ತಿದ್ದರು. ತೊಟ್ಟವನು ಸತ್ತರೆ ಉಂಗುರ ಶಾಲೆಗೆ ಮರಳಬೇಕು. ಅದನ್ನು ಮೂಸೆಯಲ್ಲಿ ಕರಗಿಸಿ ಹೊಸಬರಿಗೆ ಉಂಗುರ ಎರೆಯಬೇಕು. ಸಂಜೆ ಊಟಕ್ಕೆ ಮುಂಚೆ ಗುರು ಸತ್ತವರ ಹೆಸರು ಕೂಗಬೇಕು. ಶಿಷ್ಯರು ಅವರ ಪರವಾಗಿ "ಇದ್ದೇನೆ" ಅನ್ನಬೇಕು. ಅದು ಕಟ್ಟಳೆ.

ಮೂರು ವರ್ಷದಿಂದ ಮೂಸೆಯ ಬಂಗಾರ ಕರಗಿರಲಿಲ್ಲ. ಗಡಿಯ ಕಾಳಗದಲ್ಲಿ ಜಕ್ಕಾಸುರನೆಂಬ ಮಾಯಾವಿ ಮೂವರ ಉಂಗುರ ಕದ್ದಿದ್ದ. ಅವು ಬರುವ ತನಕ ಉಳಿದವು ಕರಗವು. ಉಂಗುರವಿಲ್ಲದವನನ್ನು ಗಡಿಗೆ ಕಳಿಸುವಂತಿಲ್ಲ. ಕಾಯುವವರಿಲ್ಲದ ಗಡಿಯಲ್ಲಿ ಮಾಯಾವಿ ಊರಿಗೆ ಊರನ್ನೇ ನುಂಗುತ್ತಿದ್ದ.

ಇಬ್ಬರ ಹೆಣ ಸಿಕ್ಕಿತ್ತು. ಮೂರನೆಯವನು ಬೊಮ್ಮಣ್ಣ, ಶಾಲೆಯಲ್ಲೇ ಕಲಿಯುತ್ತಿದ್ದ ಕಮ್ಮಾರರ ಕೇತನ ಅಣ್ಣ. ಅವನ ಹೆಣ ಸಿಕ್ಕಿರಲಿಲ್ಲ. ಪ್ರತಿ ಸಂಜೆ ಕೊನೆಯ ಹೆಸರಿಗೆ ಬಂದಾಗ ಗುರು ಬೀರಯ್ಯ ಕೇತನ ಮುಖ ನೋಡುತ್ತಿದ್ದ.

"ಕೂಗಬೇಡಿ ಗುರುಗಳೇ. ನಮ್ಮಣ್ಣ ಬದುಕಿದ್ದಾನೆ."

ಮನೆಯಲ್ಲಿ ತಾಯಿಯೂ ಹಿರಿಮಗನಿಗೆ ದಿನಾ ತಟ್ಟೆ ಇಡುತ್ತಿದ್ದಳು.

ಒಂದು ದಿನ ಕೇತ ಎದ್ದು ನಿಂತ. "ಅಣ್ಣನನ್ನು ಕರೆತರುತ್ತೇನೆ."

"ನಾನು ಕಳಿಸೋ ಹಾಗಿಲ್ಲ. ನೀನಾಗೇ ಹೋದರೆ ಉಂಗುರ ತಾ," ಎಂದ ಗುರು. "ಉಂಗುರ ಕಳಕೊಂಡವನ ಜೀವ ಮಾಯಾವಿಯ ಬಾಗಿಲು ಕಾಯ್ತಾ ಹೆಸರು ಮರೆತಿರುತ್ತೆ. ಅದನ್ನ ನೆನಪಿಸು. ಬರಿಗೈಲಿ ಬಂದ್ಯೋ, ಸಾಯೋ ತನಕ ಕುಲುಮೆಯ ತಿದಿ ಒತ್ತಿಸ್ತೀನಿ."

"ಕಮ್ಮಾರನ ಮಗನಿಗೆ ತಿದಿ ಹೊಸದಾ?"



ಏಳು ಬೆಟ್ಟದಾಚೆ ಮಾಯಾವಿಯ ಕೋಟೆ. ಮೊದಲ ಬಾಗಿಲಲ್ಲಿ ಹುಲಿ. ಅದರ ಎಡಗಿವಿ ಹರಿದಿತ್ತು. ಉಂಗುರ ಹೋದ ಮೂವರಲ್ಲಿ ಕಿವಿ ಹರಿದವನು ಒಬ್ಬನೇ. ಕೇತ ಕತ್ತಿ ಕೆಳಗಿಟ್ಟು ಕೂಗಿದ: "ಸಿಂಗಯ್ಯ!" ತಾನೇ ಓಗೊಟ್ಟ: "ಇದ್ದೇನೆ." ಹುಲಿ ಮಂಡಿಯೂರಿ ಹೊಗೆಯಾಯಿತು. ಕೋಟೆಯೊಳಗೆ ಉಂಗುರವೊಂದು ಠಣ್ಣೆಂದು ಬಿತ್ತು.

ಎರಡನೆಯ ಬಾಗಿಲಲ್ಲಿ ಒಕ್ಕಣ್ಣಿನ ಹದ್ದು. "ಕಾಚರಸ!" "ಇದ್ದೇನೆ." ಹದ್ದೂ ಹೊಗೆಯಾಯಿತು. ಇನ್ನೊಂದು ಉಂಗುರ ಬಿತ್ತು.

ಮೂರನೆಯ ಬಾಗಿಲಲ್ಲಿ ಹಾವು. ಹೆಡೆಯ ಮೇಲೆ ಸುಟ್ಟ ಕಲೆ. ಕೇತ ಕೂಸಾಗಿದ್ದಾಗ ಕುಲುಮೆಗೆ ಬೀಳುವುದರಲ್ಲಿದ್ದ. ಎಳೆದುಕೊಂಡ ಅಣ್ಣನ ಹಣೆಗೆ ಬಿದ್ದ ಬರೆ ಅದು.

ಒಳಗಿಂದ ಮಾಯಾವಿ ನಕ್ಕ. "ಏನಪ್ಪಾ, ನಾಲಿಗೆ ಬಿದ್ದೋಯ್ತಾ? ನೀವು ಕೂಗೋದು ಸತ್ತವರ ಹೆಸರಲ್ವಾ? ಕೂಗಬೇಡ. ಅಣ್ಣ ಹೀಗೇ ಇರಲಿ. ನೀನೂ ಇಲ್ಲೇ ಇರು."

ಹಾವು ಕಚ್ಚಲಿಲ್ಲ. ಕೇತನನ್ನೇ ನೋಡುತ್ತ ಕಾದಿತು.

ಕೇತ ಆ ಕಲೆಯ ಮೇಲೆ ಬೆರಳಿಟ್ಟ. ಆಮೇಲೆ ಕೂಗಿದ.

"ಬೊಮ್ಮಣ್ಣ!"

ಹಾವು ಹೆಡೆ ತಗ್ಗಿಸಿ ಅವನ ಪಾದಕ್ಕೆ ಹಣೆ ಒತ್ತಿತು.

"ಇದ್ದೇನೆ," ಎಂದ ಕೇತ.

ಹಾವೂ ಹೊಗೆಯಾಯಿತು. ಮಾಯಾವಿಗೆ ಬಲ ಕೊಡುತ್ತಿದ್ದ ಮೂರನೆಯ ಉಂಗುರವೂ ಅವನ ಬೆರಳಿಂದ ಬಿತ್ತು. ಮಾಯಾವಿಯ ಬೆರಳು ಬೂದಿಯಾಯಿತು, ತೋಳು ಬೂದಿಯಾಯಿತು, ಕೊನೆಗೆ ಅವನೇ ಬೂದಿಯಾದ. ನುಂಗಿದ್ದ ಊರುಗಳು ಒಲೆಯ ಮೇಲಿನ ಅನ್ನದ ಸಮೇತ ಮರಳಿದವು.

ಮೂರೂ ಉಂಗುರ ಮೂಸೆಗೆ ಹಾಕಿ ಶಾಲೆಯಲ್ಲಿ ಕೇತನೇ ತಿದಿ ಒತ್ತಿದ. ಬಂಗಾರ ನೀರಾಯಿತು. ಮೊದಲ ಉಂಗುರ ಅವನಿಗೆ.

"ಬಿಸಿ ಇದೆ," ಎಂದ ಗುರು.

"ಇರಲಿ."

ಸಂಜೆ ತಾಯಿ ಹಿರಿಮಗನ ತಟ್ಟೆ ತಂದು ಶಾಲೆಯ ಪಂಕ್ತಿಯಲ್ಲಿಟ್ಟಳು. "ಯಾರಾದರೂ ಉಣ್ಣಲಿ." ಗುರು ಕೊನೆಯ ಹೆಸರು ಕೂಗಿದ. ಎಲ್ಲರಿಗಿಂತ ಮೊದಲು ಓಗೊಟ್ಟವಳು ಅವಳೇ.

ಹೊನ್ನಗಡದ ಜನ ಅಂದಿನಿಂದ ಹೊಟ್ಟೆ ತುಂಬ ಉಂಡರು, ಕದ ತೆರೆದಿಟ್ಟು ಮಲಗಿದರು. ಗಡಿ ಕಾಯುವವರ ಬೆರಳಲ್ಲಿ ಉಂಗುರವಿತ್ತು.