ಹನ್ನೊಂದು ವರ್ಷದ ಬೂದಿ

ಡಾ. ಮೃದುಲಾ ಕೊಣ್ಣೂರ, ಊರ ಬಾವಿಯ ತಳದ ಕೆಸರನ್ನು ಚಿಟಿಕೆಯಷ್ಟು ಗಾಜಿನ ಬಿಲ್ಲೆಗೆ ಸವರಿ ಯಂತ್ರದೊಳಗೆ ತಳ್ಳಿದರು. ಹೊಲಿಗೆ ಯಂತ್ರದಷ್ಟೇ ಇದ್ದ ಅದು ಎರಡು ನಿಮಿಷ ಗುಂಯ್‌ಗುಟ್ಟಿ ಪರದೆಯ ಮೇಲೆ ಒಂದು ಸಾಲು ಮೂಡಿಸಿತು: 'ಈ ಬೂದಿ ಈ ಸ್ಥಾವರದ್ದಲ್ಲ.'

ಪಂಚಾಯತಿ ಕಟ್ಟೆಯ ಮೇಲಿದ್ದ ಜನರೆಲ್ಲ ಒಮ್ಮೆಗೇ ಊರ ಪಕ್ಕದ ವಿದ್ಯುತ್ ಸ್ಥಾವರದ ಚಿಮಣಿಯತ್ತ ತಿರುಗಿದರು.

"ಹಂಗಾದ್ರ ಅದು ಯಾರ ಮನಿ ಒಲೀ ಬೂದಿ ಐತ್ರೀ ಮೇಡಮ್ಮರ?" ಎಂದಳು ಖಾಜಾಬಿ. ನಗು ಎದ್ದಿತು.

ಹುಲಿಗೆಮ್ಮ ನಗಲಿಲ್ಲ. ಅವಳು ಸ್ಥಾವರದ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ದುಡಿದವಳು. "ಕಂಪನಿಯವ್ರು ಯಂತ್ರಕ್ಕೂ ಏನರ ತಿನಿಸ್ಯಾರ," ಎಂದಳು ಗಟ್ಟಿಯಾಗಿ. ಪಕ್ಕದಲ್ಲಿ ಕುಳಿತಿದ್ದ ಕಂಪನಿಯ ಅಧಿಕಾರಿ ಯಂತ್ರದ ಸಾಲನ್ನು ಬರೆದುಕೊಂಡ.

ಅದು 2061. ಕಲ್ಲಿದ್ದಲು ಸ್ಥಾವರವನ್ನು ಕಟ್ಟಿದ್ದು ಸರ್ಕಾರ. 2034ರಲ್ಲಿ ಕೊಂಡ ಕಂಪನಿ ಹನ್ನೊಂದು ವರ್ಷ ನಡೆಸಿ ಮುಚ್ಚಿತ್ತು. ಊರ ಬಾವಿಗೆ ಇಳಿದ ಬೂದಿ ಯಾರ ಕಾಲದ್ದೋ ಅವರೇ ತೆಗೆಸಬೇಕು ಎಂಬುದು ಕಾನೂನು. ಇಬ್ಬರೂ ತಮ್ಮದಲ್ಲ ಎನ್ನುತ್ತಿದ್ದರು. ಯಾರದೂ ಅಲ್ಲವೆಂದಾದರೆ ಬಾವಿ ಮುಚ್ಚಿ ಊರನ್ನೇ ಎಬ್ಬಿಸುವುದು ಖಚಿತವಾಗಿತ್ತು.

ಆ ಜಗಳ ಮುಗಿಸಲೆಂದೇ ಮೃದುಲಾ ಯಂತ್ರ ಕಟ್ಟಿದ್ದರು. ಒಂದೊಂದು ಗಣಿಯ ಕಲ್ಲಿದ್ದಲಲ್ಲಿ ಲೋಹಗಳ ಪ್ರಮಾಣ ಒಂದೊಂದು ಬಗೆ; ಸರ್ಕಾರ ತರಿಸುತ್ತಿದ್ದ ಗಣಿಗಳೇ ಬೇರೆ, ಕಂಪನಿಯವೇ ಬೇರೆ. ಉರಿದ ಮೇಲೆ ಬೂದಿಯ ಕಣ ಗಾಜಿನ ಮಣಿಯಾಗಿ ಗಟ್ಟಿಯಾಗುವಾಗ ಆ ಪ್ರಮಾಣವೂ ಅದರೊಳಗೆ ಉಳಿಯುತ್ತದೆ. ಸ್ಥಾವರದವರು ದಿನಾ ಎತ್ತಿಟ್ಟಿದ್ದ ಬೂದಿಯ ಪೊಟ್ಟಣಗಳೊಂದಿಗೆ ಯಂತ್ರ ಅದನ್ನು ತಾಳೆ ನೋಡುತ್ತದೆ.

ಮಧ್ಯಾಹ್ನ ಮೃದುಲಾ ಹುಲಿಗೆಮ್ಮನ ಮನೆಗೆ ಬಂದರು.

"ಅಮ್ಮಾ, ಸರ್ಕಾರದ ಕಾಲದ ಪೊಟ್ಟಣ ಒಂದೊಂದು ಒಂದೊಂದು ಥರ ಅದಾವ. ಕಂಪನಿ ಕಾಲದ ನಾಕು ಸಾವಿರ ಪೊಟ್ಟಣಾನೂ ಒಂದೇ ಥರ. ಮ್ಯಾಲಿನ ಅಕ್ಷರಾನೂ ಒಂದೇ. ನಿಮ್ಮದು."

"ನನ್ನ ಮ್ಯಾಲೆ ಹಾಕಿ ಕೈ ತೊಳ್ಕೊಳ್ಳಾಕ ಬಂದೀರೇನು? ಯಾರು ಕಳಿಸ್ಯಾರ?"

ಮೃದುಲಾ ಕೂತೇ ಇದ್ದರು. ಹುಲಿಗೆಮ್ಮ ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿದಳು.

"ಕಂಪನಿ ಬಂದ ಕೂಡ್ಲೇ ಅರ್ಧ ಮಂದೀನ ಬಿಡಿಸಿದ್ರು. ಬೂದಿ ತೆಗೀಬೇಕಂದ್ರ ಹಾಪರ್ ಬುಡಕ್ಕ ಹೋಗ್ಬೇಕು, ಅದು ದೊಡ್ಡ ಆಲಿಕಿ ಇದ್ದಂಗ, ಕೆಂಡದಂಥಾ ಬೂದಿ. ನನ್ನ ಜೋಡಿ ಕೆಲಸದ ಸಾಬಮ್ಮನ ಮೊಣಕೈ ಬೆಂದೋತು. ಮೂಲ್ಯಾಗ ಸರ್ಕಾರದ ಕಾಲದ್ದೊಂದು ಡ್ರಮ್ ಬೂದಿ ಇತ್ತು. ದಿನಾ ಅದ್ರಾಗಿಂದ ಒಂದು ಚಮಚ ಹಾಕಿ ತಾರೀಖು ಬರದೆ. ಬೂದಿಗೆ ಅಮಾಸಿ ಐತೋ, ಹುಣ್ಣಿವಿ ಐತೋ?"

"ಕಂಪನಿಯವ್ರಿಗೆ ಗೊತ್ತಿತ್ತೇನು?"

"ಯಾರೂ ಕೇಳ್ಲಿಲ್ಲ. ಕೇಳ್ಲಿಲ್ಲ ಅಂದ್ರ ಗೊತ್ತಿರ್ಲಿಲ್ಲ ಅಂತಲ್ಲ."

"ಸ್ಥಾವರದ ಬೂದಿ ಹೊಂಡದಾಗ ಎರಡೂ ಕಾಲದ್ದು ಕಲಸಿ ಹೋಗೇತಿ. ಆ ಹನ್ನೊಂದು ವರ್ಷದ ಖರೇ ಬೂದಿ ಮತ್ತೆಲ್ಲೂ ಇಲ್ಲ."

ಹುಲಿಗೆಮ್ಮ ಗೋಡೆಯ ಮೇಲಿದ್ದ ಗಂಡನ ಪಟದತ್ತ ತಿರುಗಿದಳು.

"ಐತಿ," ಎಂದಳು. "ನಮ್ಮ ಮನಿಯವ್ರು. ಕಂಪನಿ ಬಂದ ವಾರ ಮುಂಡರಗಿಯಿಂದ ಬಂದು ಕಡಿಮಿ ಕೂಲಿಗೆ ಹಾಪರ್ ಕೆಲಸಕ್ಕ ಸೇರಿದ್ರು. ಮುಚ್ಚಿದ ವಾರ ಸತ್ರು. ಆ ಬೂದಿ ಉಸಿರಾಗೆಳ್ಕೊಂಡ ಪುಪ್ಪುಸದ ಚೂರು ಪರೀಕ್ಷೆಗಂತ ಮೇಣದಾಗ ಹಾಕಿ ಜಿಲ್ಲಾ ಆಸ್ಪತ್ರ್ಯಾಗ ಇಟ್ಟಾರ. ಅದನ್ನ ತೆಗಿಸಾಕ ಸಹಿ ಎಲ್ಲಿ ಹಾಕ್ಬೇಕು ಹೇಳ್ರಿ."

ವಿಚಾರಣೆಯ ದಿನ ಅವಳು ಪೊಟ್ಟಣಗಳ ಕತೆಯನ್ನು ತಾನೇ ಹೇಳಿದಳು. ಯಂತ್ರ ಬಾವಿಯ ಕೆಸರನ್ನೂ ಮೇಣದ ಚೂರನ್ನೂ ನೋಡಿ ಎರಡರ ಬೂದಿಯೂ ಒಂದೇ ಎಂದಿತು.

"ಮನುಷ್ಯ ಪೊಟ್ಟಣವಲ್ಲ. ಮೇಲೆ ತಾರೀಖು ಇಲ್ಲ," ಎಂದ ಕಂಪನಿಯ ಅಧಿಕಾರಿ.

ಹುಲಿಗೆಮ್ಮ ಗಂಡನ ನೇಮಕಾತಿ ಪತ್ರವನ್ನೂ ಮರಣಪತ್ರವನ್ನೂ ಮೇಜಿನ ಮೇಲಿಟ್ಟಳು. "ಎರಡೂ ತಾರೀಖು ಅದಾವ ನೋಡ್ರಿ."

ಬೂದಿ ಕಂಪನಿಯದೆಂದು ತೀರ್ಪಾಯಿತು, ಊರು ಉಳಿಯಿತು. ತಿಂಗಳೊಪ್ಪತ್ತಿನಲ್ಲಿ ಆಸ್ಪತ್ರೆಗೆ ಕಂಪನಿಯ ಪತ್ರ ಬಂತು: 'ಬೂದಿ ನಮ್ಮದೆಂದು ಸಾಬೀತಾಗಿರುವುದರಿಂದ ಪುಪ್ಪುಸದ ಚೂರಿರುವ ಮೇಣದ ಅಚ್ಚನ್ನು ಮಾಲೀಕರಾದ ನಮಗೆ ಒಪ್ಪಿಸತಕ್ಕದ್ದು.'

ಮೃದುಲಾ ಅದನ್ನು ಹುಲಿಗೆಮ್ಮನಿಗೆ ಎರಡು ಸಲ ಓದಿ ಹೇಳಿದರು.

"ಬೂದಿ ಒಯ್ಲಿ," ಎಂದಳು ಹುಲಿಗೆಮ್ಮ. "ನಮ್ಮವ್ರನ್ನ ಬಿಟ್ಟು ಒಯ್ಲಿ. ನಿಮ್ಮ ಯಂತ್ರ ಎರಡನ್ನೂ ಬ್ಯಾರೆ ಮಾಡ್ತದೇನು?"

ಇಲ್ಲವೆಂದು ಮೃದುಲಾ ತಲೆಯಾಡಿಸಿದರು. ಬೂದಿ ಯಾರದೆಂದು ತಿಳಿಯಲು ಯಂತ್ರವೇ ಬೇಕಾಗಿರದ ಕಾಲವೊಂದಿತ್ತು. ಆಗ ಸ್ಥಾವರದ ಕುಲುಮೆ ಇನ್ನೂ ಉರಿಯುತ್ತಿತ್ತು. ಮಾಲೀಕರ ಹೆಸರು ಗೇಟಿನ ಮೇಲೆಯೇ ಬರೆದಿತ್ತು.