ಆ ಐವತ್ತೆಂಟು ಕಿಲೋದವಳು

ಜನ ತಪ್ಪದೆ ಸುಳ್ಳು ಹೇಳುವುದು ಇಬ್ಬರ ಮುಂದೆ ಎಂಬುದು ವಿಶಾಲಾಕ್ಷಿಯ ಅನುಭವ. ಒಬ್ಬರು ಡಾಕ್ಟರು, ಇನ್ನೊಬ್ಬಳು ಅವಳೇ.

ಮಾದಾಪುರದಲ್ಲಿ ನೀರಾಟದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅವಳ ಕೆಲಸ. ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿ ಇದನ್ನೆಲ್ಲ ಯಾರು ಕೊಳ್ಳುತ್ತಾರಪ್ಪಾ ಎಂದು ನೀವು ಕೇಳಬಹುದು. ಐಟಿ ಆಫೀಸಿನವರು ಕೊಳ್ಳುತ್ತಾರೆ. ಶುಕ್ರವಾರ ರಾತ್ರಿ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋಗಿ, ಎರಡು ದಿನ ಅಲೆಗಳಲ್ಲಿ ಬಿದ್ದು ಎದ್ದು, ಸೋಮವಾರ ಮೂಗು ಸುಲಿಸಿಕೊಂಡು ಕೆಲಸಕ್ಕೆ ಬರುತ್ತಾರೆ. ಅವರ ಈಚಿನ ಹುಚ್ಚು ಫಾಯಿಲ್ ಬೋರ್ಡು. ಹಲಗೆಯ ಕೆಳಗೊಂದು ಕಂಬ, ಕಂಬದ ತುದಿಗೊಂದು ರೆಕ್ಕೆ. ವೇಗ ಹಿಡಿದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ, ನಿಂತವನು ಗಾಳಿಯಲ್ಲಿ ಹೋಗುತ್ತಾನೆ.

ಮೇಲೇಳಬೇಕಾದರೆ ಮೊದಲು ಅದರ ಮೇಲೆ ನಿಲ್ಲಬೇಕು. ನಿಲ್ಲಬೇಕಾದರೆ ತೂಕಕ್ಕೆ ತಕ್ಕ ಬೋರ್ಡು ಬೇಕು. ಬೋರ್ಡಿನ ಗಾತ್ರ ಅಳೆಯುವುದು ಲೀಟರಿನಲ್ಲಿ. ಕಿಲೋಗೆ ಒಂದು ಲೀಟರ್, ಕಲಿಯುವವರಾದರೆ ಅದರ ಮೇಲೆ ಇನ್ನೂ ಮೂವತ್ತು ಲೀಟರ್, ಇದು ಅವಳ ಲೆಕ್ಕ. ಆದರೆ ತೂಕ ಕೇಳಿದ ಕೂಡಲೇ ಎಂಥ ಹರಿಶ್ಚಂದ್ರನೂ ಐದಾರು ಕಿಲೋ ನುಂಗಿಬಿಡುತ್ತಾನೆ. ಹಾಗಾಗಿ ಅವಳು ಬಾಯಿಮಾತು ನಂಬುವುದನ್ನು ಬಿಟ್ಟು ಕೌಂಟರಿನ ಪಕ್ಕದಲ್ಲೇ ತೂಕದ ಯಂತ್ರ ಇಟ್ಟಿದ್ದಳು. ಮನುಷ್ಯರನ್ನು ನಂಬುವುದನ್ನು ಅವಳು ಬಿಟ್ಟದ್ದು ಅದಕ್ಕೂ ಮೊದಲೇ.

ಅದಕ್ಕೂ ಒಂದು ಕಥೆ ಇದೆ. ಐದು ವರ್ಷದ ಹಿಂದೆ ಅವಳ ಮದುವೆ ಗೊತ್ತಾಗಿತ್ತು. ನಿಶ್ಚಯದ ದಿನ ವರ ಅವಳಿಗೊಂದು ನವಿಲುಬಣ್ಣದ ಇಳಕಲ್ ಸೀರೆ ಕೊಟ್ಟ. ತಿಂಗಳೊಪ್ಪತ್ತಿನಲ್ಲಿ ಅದೇ ಸೀರೆ, ಅದೇ ಸೆರಗು, ಸಿಕಂದರಾಬಾದಿನ ಒಬ್ಬಳ ಮೈಮೇಲೆ ಕಂಡಿತು. ಒಂದೇ ಅಂಗಡಿಯಲ್ಲಿ, ಒಂದೇ ದಿನ ಎರಡು ಸೀರೆ ಕೊಂಡಿದ್ದ ಪುಣ್ಯಾತ್ಮ. ಅಂದಿನಿಂದ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಅವಳಿಗೆ ಉಸಿರಾಟವಾಗಿತ್ತು.

ಇಂಥವಳ ಮುಂದೆ ಬಂದು ನಿಂತವನು ಹುಲಗೇಶ.

ಗಂಗಾವತಿ ಕಡೆಯವನು, ಮಣಿಕೊಂಡದಲ್ಲಿ ಮನೆ, ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಆಫೀಸು. ಆದರೆ ಇದೆಲ್ಲ ಗೊತ್ತಾದದ್ದು ಆಮೇಲೆ. ಮೊದಲ ದಿನ ಇಬ್ಬರೂ ಹಿಂದಿಯಲ್ಲೇ ಮಾತಾಡಿದರು. ತೂಕ ನೋಡಬೇಕು ಅಂದಳು. ಅವನು ಬೂಟು ಬಿಚ್ಚಿದ. ಜೇಬಿನ ಫೋನು, ಕೀಲಿ, ಚಿಲ್ಲರೆ ಎಲ್ಲ ತೆಗೆದು ಕೌಂಟರಿನ ಮೇಲಿಟ್ಟ. ಯಂತ್ರ ಹತ್ತಿ, ಎಪ್ಪತ್ನಾಲ್ಕು ಕಂಡು, ತನ್ನಷ್ಟಕ್ಕೆ ತಾನೇ ಗೊಣಗಿದ.

“ಯಪ್ಪಾ, ಎರಡು ಕಿಲೋ ಏರೇತಲ್ಲ.”

ವಿಶಾಲಾಕ್ಷಿ ತಲೆ ಎತ್ತಿದಳು. ಕನ್ನಡದವರೇನ್ರಿ ಎಂದು ಕೇಳುವ ಮೊದಲೇ ಅವಳ ಮುಖ ಕೇಳಿಬಿಟ್ಟಿತ್ತು. ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಒಂದೇ ಕೆನ್ನೆಗೆ ಗುಳಿ ಬೀಳುವವರನ್ನು ನಂಬಬಾರದು ಎಂದು ಅವಳು ಅಲ್ಲಿಯೇ ತೀರ್ಮಾನಿಸಿದಳು.

ಅವನಿಗೆ ಗೆಳೆಯನ ಹತ್ತಿರ ಇರುವಂಥ ಎಪ್ಪತ್ತೈದು ಲೀಟರಿನ ಕಪ್ಪು ಬೋರ್ಡೇ ಬೇಕಾಗಿತ್ತು. ನೋಡಲಿಕ್ಕೆ ಚಂದ, ಹಿಡಿಯಲಿಕ್ಕೆ ಹಗುರ. ಅವಳು ಒಪ್ಪಲಿಲ್ಲ.

“ನಿಮ್ಮ ಗೆಳೆಯ ನಾಲ್ಕು ವರ್ಷದಿಂದ ಆಡಾಕತ್ತಾನ. ನೀವು ಇನ್ನಾ ಅಂಬೆಗಾಲು. ನೂರಾ ಐದರದು ತಗೋರಿ. ಸಣ್ಣದರ ಮ್ಯಾಲೆ ದೊಡ್ಡ ಮನಷ್ಯಾ ಕುಂತ್ರ ನೀರಾಗ ತೇಲಿದಂಗ ಆಗಂಗಿಲ್ಲ, ಹೊಂಡದಾಗ ಎಮ್ಮಿ ಕುಂತಂಗ ಆಗತೈತಿ.”

ಎಮ್ಮೆ ಎಂದು ಕರೆಸಿಕೊಂಡವನು ಸಿಟ್ಟಾಗಲಿಲ್ಲ, ನೂರಾ ಐದರದ್ದನ್ನೇ ಕೊಂಡುಹೋದ. ಅದೂ ಅನುಮಾನಕ್ಕೆ ಜಾಗವಾಯಿತು. ಹೇಳಿದ ಮಾತನ್ನು ಇಷ್ಟು ಸಲೀಸಾಗಿ ಕೇಳುವ ಗಂಡಸನ್ನು ಅವಳು ಕಂಡಿರಲಿಲ್ಲ.

ಮುಂದಿನ ವಾರ ಬಂದ. ಬೋರ್ಡು ಕೈತಪ್ಪಿ ಹೋಗದಂತೆ ಕಾಲಿಗೆ ಕಟ್ಟುವ ಹಗ್ಗ ಬೇಕು ಅಂದ, ಕೊಟ್ಟಳು. ಅದರ ಮುಂದಿನ ವಾರ ಇನ್ನೊಂದು ಹಗ್ಗ. ಮೂರನೆಯ ವಾರ ಮತ್ತೊಂದು. ಎಷ್ಟು ಕಾಲು ಇವನಿಗೆ ಎಂದುಕೊಂಡಳು. ಬಂದಾಗಲೆಲ್ಲ ಕೌಂಟರಿನ ಗಾಜಿನ ಮೇಲೆ ಬಗ್ಗಿ ಏನನ್ನೋ ನೋಡುತ್ತ ನಿಲ್ಲುತ್ತಿದ್ದ. ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುವ ಚಟ ಇರಬೇಕು ಎಂದುಕೊಂಡಳು.

ಅವಳೇನು ಕಡಿಮೆ ಪರೀಕ್ಷೆ ಮಾಡಲಿಲ್ಲ. ಬೆರಳಲ್ಲಿ ಉಂಗುರ ತೆಗೆದ ಬಿಳಿ ಗೆರೆ ಇದೆಯೇ ನೋಡಿದಳು, ಇರಲಿಲ್ಲ. ಫೋನಿನ ಪರದೆಯ ಮೇಲೆ ಯಾರಿದ್ದಾರೆ ನೋಡಿದಳು. ಒಂದು ಮುದುಕಿ, ಒಂದು ಕರು. ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಕೈಯಾಡಿಸಿ ಧೂಳು ಇದೆಯೋ ಇಲ್ಲವೋ ಎಂದೂ ನೋಡಿದಳು, ನಾನು ಸುಳ್ಳು ಹೇಳುತ್ತಿಲ್ಲ. ಧೂಳು ಒಂದು ಬೆರಳು ದಪ್ಪ ಇತ್ತು. ಯಾರೂ ಕೂತಿರಲಿಲ್ಲ. ಅಂಗೈ ಒರೆಸಿಕೊಳ್ಳುವಾಗ ಅವಳಿಗೆ ಯಾಕೋ ಬಹಳ ಸಂತೋಷವಾಗಿತ್ತು.

ಒಂದು ಸಂಜೆ ಅವನು ಬಸ್ ಸ್ಟಾಪಿನವರೆಗೆ ನಡೆದು ಬಂದ. ಇನ್ನೊಂದು ಸಂಜೆ ಮೆಹದಿಪಟ್ಟಣಂವರೆಗೂ ಬಂದು, ಇರಾನಿ ಚಾಯ್ ಕುಡಿಸಿ, ಉಸ್ಮಾನಿಯಾ ಬಿಸ್ಕಿಟ್ ಮುರಿದು ದೊಡ್ಡ ತುಂಡನ್ನು ಅವಳ ಬಸಿಯಲ್ಲಿಟ್ಟ. ನೀವು ಯಾವತ್ತರ ಬೋರ್ಡಿನ ಮೇಲೆ ನಿಂತೀರೇನ್ರಿ ಎಂದು ಕೇಳಿದ. ಅವಳು ಬಿಸ್ಕಿಟ್ ಚಹಾದಲ್ಲಿ ಅದ್ದುತ್ತ, ನಿಲ್ಲುವುದಿರಲಿ, ಸಮುದ್ರವನ್ನೇ ನೋಡಿಲ್ಲ ಎಂದಳು. ಆರು ವರ್ಷದಿಂದ ಮಾರುತ್ತಿದ್ದೀರಲ್ಲ ಎಂದ. ಯಾರೂ ಕರೆದಿಲ್ಲ ಎಂದಳು. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಬಿಸ್ಕಿಟ್ ಮೆತ್ತಗಾಗಿ ಚಹಾದೊಳಗೆ ಬಿದ್ದುಹೋಯಿತು. ಅವನು ನಗಲಿಲ್ಲ, ತನ್ನ ಬಸಿ ಅವಳ ಕಡೆ ಸರಿಸಿದ.

ಆ ವಾರದ ಕೊನೆಗೆ ಅವನು ಕೇಳಿಯೇಬಿಟ್ಟ. “ನಮ್ಮವ್ವ ಊರಿಂದ ಬರಾಕತ್ತಾಳ. ಮುಂದಿನ ಐತವಾರ ನಿಮ್ಮನಿಗೆ ಕರಕೊಂಡು ಬರ್ಲೇನ್ರಿ?”

ಯಾಕೆ ಎಂದು ಕೇಳುವಷ್ಟು ಸಣ್ಣವಳಲ್ಲ ಅವಳು, ಮೂವತ್ತೆರಡು ವಯಸ್ಸು. ಶನಿವಾರ ಹೇಳುತ್ತೇನೆ ಎಂದಳು. ಒಳಗೆ ಮಾತ್ರ ಆಗಲೇ ಹ್ಞೂಂ ಅಂದಾಗಿತ್ತು.

ಮನೆಯಲ್ಲಿ ಅವ್ವ ಹಂಪಮ್ಮನಿಗೆ ಹೇಳಿದಳು. ಹಂಪಮ್ಮ ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದು ಮೂವತ್ತು ವರ್ಷ. ಊರ ದೇವರ ಜೊತೆಗೆ ಇಲ್ಲಿಯ ದೇವರನ್ನೂ ಒಲಿಸಿಕೊಂಡಿದ್ದಳು. ತೆಲಂಗಾಣದ ಮೇಡಾರಂ ಜಾತ್ರೆಯಲ್ಲಿ ಅಮ್ಮನವರಿಗೆ ಆಳುತೂಕದ ಬೆಲ್ಲ ಒಪ್ಪಿಸುವ ಪದ್ಧತಿ ಗೊತ್ತಲ್ಲ, ಅಲ್ಲಿ ಅದನ್ನು ಬೆಲ್ಲ ಎನ್ನುವುದಿಲ್ಲ, ಬಂಗಾರ ಎನ್ನುತ್ತಾರೆ. ಮಗಳಿಗೆ ಒಳ್ಳೆಯ ಸಂಬಂಧ ಸಿಗಲಿ ಎಂದು ಹೋದ ಜಾತ್ರೆಯಲ್ಲಿ ಅವಳ ತೂಕದ ಬೆಲ್ಲ ಕೊಟ್ಟು ಬಂದಿದ್ದಳು. ಮಗಳು ಒಪ್ಪಿದ ದಿನ ಗಂಡು ಹೆಣ್ಣು ಇಬ್ಬರ ತೂಕದ್ದೂ ಕೊಡುತ್ತೇನೆ ಎಂದು ಹೊಸ ಹರಕೆಯನ್ನೂ ಹೊತ್ತಿದ್ದಳು. ಈಗ ಸುದ್ದಿ ಕೇಳಿದ್ದೇ ಅವಳು ಅಡುಗೆಮನೆಯ ದೊಡ್ಡ ಬೆಲ್ಲದ ಡಬ್ಬಿ ತೆಗೆದು ತೊಳೆಯತೊಡಗಿದಳು.

ಗುರುವಾರ ಎಲ್ಲ ಕೆಟ್ಟಿತು.

ವಿಶಾಲಾಕ್ಷಿ ಊಟ ಮುಗಿಸಿ ಬರುವಷ್ಟರಲ್ಲಿ ಜೊತೆಗೆ ಕೆಲಸ ಮಾಡುವ ಶ್ರೀವಿದ್ಯಾ ಒಂದು ಚೀಟಿ ಮಡಚಿ ಡ್ರಾಯರಿಗೆ ಹಾಕುತ್ತಿದ್ದಳು. ಏನದು ಎಂದರೆ ಏನಿಲ್ಲ ಎಂದಳು. ಏನಿಲ್ಲ ಎಂದ ಮೇಲೆ ಬಿಟ್ಟಾಳೆಯೇ? ಚೀಟಿ ಕಸಿದು ಓದಿದಳು. ಹುಲಗೇಶ ಫೋನ್ ಮಾಡಿ ಇನ್ನೊಂದು ಬೋರ್ಡು ಹೇಳಿದ್ದ. ಹೆಂಗಸರಿಗೆ. ತೂಕ ಐವತ್ತೆಂಟು ಕಿಲೋ. ಹೊಸದಾಗಿ ಕಲಿಯುವವರು, ತೊಂಬತ್ತು ಲೀಟರಿನದು, ತಿಳಿ ಹಸಿರು ಬಣ್ಣ. ಶನಿವಾರ ಬಂದು ಒಯ್ಯುತ್ತೇನೆ, ವಿಶಾಲಾಕ್ಷಿಗೆ ತಿಳಿಸಬೇಡಿ ಎಂದಿದ್ದನಂತೆ. ಅಷ್ಟು ಹೇಳಿ ಶ್ರೀವಿದ್ಯಾ, ಪಾಪ, ಮುಖ ತಿರುಗಿಸಿಕೊಂಡಳು.

ಎರಡು ಸೀರೆ. ಈಗ ಎರಡು ಬೋರ್ಡು.

ಮೂರು ಹಗ್ಗ ಯಾಕೆ ಎಂಬುದು ವಿಶಾಲಾಕ್ಷಿಗೆ ಈಗ ತಿಳಿಯಿತು. ಐವತ್ತೆಂಟು ಕಿಲೋ ಅಂತೆ. ತೆಳ್ಳಗೆ, ಬಳ್ಳಿಯ ಹಾಗೆ ಇರಬೇಕು, ತಿಳಿ ಹಸಿರು ಒಪ್ಪುವ ಬಣ್ಣದವಳಿರಬೇಕು. ಆ ಎರಡು ದಿನ ಅಂಗಡಿಗೆ ಬಂದ ಪ್ರತಿ ಹೆಂಗಸನ್ನೂ ಅವಳು ಕಣ್ಣಲ್ಲೇ ತೂಗಿದಳು. ಮೆಹದಿಪಟ್ಟಣಂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳೂ ಐವತ್ತೆಂಟು, ಹೂವಿನವಳೂ ಐವತ್ತೆಂಟು. ಮನೆಯಲ್ಲಿ ಅವ್ವ ಭಾನುವಾರಕ್ಕೆ ಶೇಂಗಾ ಹೋಳಿಗೆಯೋ ಮಾದಲಿಯೋ ಎಂದು ಕೇಳಿದರೆ ತಲೆನೋವು ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಮೊದಲನೆಯವನು ಮೋಸ ಮಾಡಿದಾಗ ಅವಮಾನ ಆಗಿತ್ತು. ಈ ಸಲ ನೋವಾಗುತ್ತಿತ್ತು.

ಶನಿವಾರ ಹನ್ನೊಂದಕ್ಕೆ ಹುಲಗೇಶ ಬಂದ. ಇಸ್ತ್ರಿ ಮಾಡಿದ ಅಂಗಿ, ಕೆನ್ನೆಯಲ್ಲಿ ಅದೇ ಒಂದು ಗುಳಿ. ಕೌಂಟರಿನ ಮೇಲೆ ತಿಳಿ ಹಸಿರು ಬೋರ್ಡು, ಅದರ ಹಿಂದೆ ವಿಶಾಲಾಕ್ಷಿ. ಗುಳಿ ಮಾಯವಾಯಿತು. ಶ್ರೀವಿದ್ಯಾ ಸ್ಟಾಕ್ ನೋಡುವ ನೆಪದಲ್ಲಿ ಒಳಗೆ ಹೋದಳು.

ಅವಳು ಗಿರಾಕಿಗಳು ತುಂಬುವ ಆರ್ಡರ್ ಹಾಳೆ ತೆಗೆದು, ಬಹಳ ಮರ್ಯಾದೆಯಿಂದ, ಬೋರ್ಡು ಬಳಸುವವರ ಹೆಸರು ಹೇಳಿ ಎಂದಳು. ಅವನು ಹೆಸರು ಬರೆಯಲೇಬೇಕೇ ಎಂದು ತೊದಲಿದ. ಬೇಕು ಎಂದಳು. ಆಮೇಲೆ ಪೆನ್ನು ಕೆಳಗಿಟ್ಟಳು.

“ಯಾರ್ರಿ ಆಕಿ?”

“ಯಾರು?”

“ಐವತ್ತೆಂಟು ಕಿಲೋದಾಕಿ. ನಾ ಏನೂ ಜಗಳಾ ಮಾಡಂಗಿಲ್ಲ. ಹಿಂದ ಒಬ್ಬಾತ ನನಗೊಂದು ಸೀರಿ, ಇನ್ನೊಬ್ಬಾಕಿಗೆ ಅಂಥದೇ ಒಂದು ಸೀರಿ ತಂದಿದ್ದ. ಅವಾಗ ನನಗ ಯಾರೂ ಹೇಳಲಿಲ್ಲ. ನೀವರ ಹೇಳಿ ಹೋಗ್ರಿ.” ಇಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಅವನಿಗೆ ಗೊತ್ತಾಗುತ್ತದೆಂದು.

ಹುಲಗೇಶ ಬೋರ್ಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಗಾಜಿನ ಮೇಲೆ ಬೆರಳಿಟ್ಟ.

ಗಾಜಿನ ಕೆಳಗೆ ಒಂದು ಹಳೆಯ ಹಾಳೆ ಇತ್ತು, ಗಿರಾಕಿಗಳ ಕಡೆ ಮುಖ ಮಾಡಿ. ಅವಳು ಕೆಲಸಕ್ಕೆ ಸೇರಿದ ದಿನ, ಆರ್ಡರ್ ಹಾಳೆ ಹೇಗೆ ತುಂಬಬೇಕು ಎಂದು ಗಿರಾಕಿಗಳಿಗೆ ತೋರಿಸುವ ಮಾದರಿಯಾಗಿ ಮಾಲೀಕರು ಅವಳ ಕೈಯಲ್ಲೇ ಬರೆಸಿ ಇಟ್ಟದ್ದು. ಆರು ವರ್ಷದಲ್ಲಿ ಅವಳು ಅದನ್ನು ಮರೆತೇಬಿಟ್ಟಿದ್ದಳು. ಅವಳ ಕಡೆಯಿಂದ ಅದು ತಲೆಕೆಳಗು. ಈಗ ಕುತ್ತಿಗೆ ಹೊರಳಿಸಿ ಓದಿದಳು. ಹೆಸರು ವಿಶಾಲಾಕ್ಷಿ. ಅನುಭವ ಇಲ್ಲ. ಇಷ್ಟದ ಬಣ್ಣ ತಿಳಿ ಹಸಿರು. ತೂಕ ಐವತ್ತೆಂಟು.

“ಬಂದಾಗೆಲ್ಲಾ ಓದಿ ಓದಿ ಬಾಯಿಪಾಠ ಆಗೇತ್ರಿ,” ಅಂದ ಅವನು. “ಯಾರೂ ಕರದಿಲ್ಲ ಅಂದಿದ್ರಿ. ನಾ ಕರಿಯಾಕತ್ತೀನಿ. ಇಬ್ಬರ ಅವ್ವಂದಿರನ್ನೂ ಕರಕೊಂಡು ಸಮುದ್ರಕ್ಕ ಹೋಗೂನು. ಈ ಬೋರ್ಡ್ ನಾಳೆ ನಿಮ್ಮನಿಯಾಗ ಕೊಡೂನು ಅಂತ ಮಾಡಿದ್ದೆ.”

“ಮತ್ತ ಮೂರು ಹಗ್ಗ?”

“ಒಂದು ಕಾಲಿಗೆ. ಎರಡು ನಿಮ್ಮನ್ನ ನೋಡಾಕ. ಇನ್ನಾ ಕವರ್ ಬಿಚ್ಚಿಲ್ಲ.”

ವಿಶಾಲಾಕ್ಷಿಗೆ ನಗು ಬಂತು, ಅಳುವೂ ಬಂತು, ಎರಡಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಊರವರ ತಟ್ಟೆಯ ನೊಣ ಓಡಿಸುವವರನ್ನು ಕಂಡು ಅವಳು ಎಷ್ಟು ಸಲ ನಕ್ಕಿರಲಿಲ್ಲ! ಊರವರೆಲ್ಲ ಸುಳ್ಳುಗಾರರೆಂದು ತೂಕದ ಯಂತ್ರ ಇಟ್ಟವಳು, ಆ ಯಂತ್ರದ ಪಕ್ಕದಲ್ಲೇ ಆರು ವರ್ಷ ಹಳೆಯ ಒಂದು ಸುಳ್ಳನ್ನು ಗಾಜು ಹಾಕಿ ಇಟ್ಟಿದ್ದಳು. ಬರೆದ ದಿನವೂ ಅದು ನಿಜವಾಗಿರಲಿಲ್ಲ.

ಅವಳು ಬೋರ್ಡಿನ ಮೇಲೆ ಕೈಯಿಟ್ಟಳು. ಇದನ್ನೇ ತೆಗೆದುಕೊಂಡು ಹೋದರೆ ಆಗುವುದೇನು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಅಂಕಿ ಬಚ್ಚಿಟ್ಟರೆ ಮೊದಲ ದಿನವೇ ಸಮುದ್ರ ಅದನ್ನು ಹೊರಗೆ ಹಾಕುತ್ತದೆ.

“ಈ ಬೋರ್ಡ್ ಆಗಂಗಿಲ್ರಿ,” ಅಂದಳು.

ಅವನ ಮುಖ ಸಣ್ಣದಾಯಿತು. ಒಲ್ಲೆ ಅಂದಳು ಎಂದುಕೊಂಡ ಪಾಪ.

“ಅರವತ್ತಾರು,” ಅಂದಳು ಅವಳು, ಅವನ ಕಣ್ಣಲ್ಲಿ ಕಣ್ಣಿಟ್ಟು. “ಮೇಡಾರಂ ಅಮ್ಮಗ ಕೊಟ್ಟ ಬೆಲ್ಲದ ಲೆಕ್ಕ ಐತಿ, ಆಕಿಗೆ ಸುಳ್ಳು ಹೇಳಾಕ ಬರಂಗಿಲ್ಲ. ನಮ್ಮವ್ವನ್ನ ಬಿಟ್ರ ಈ ಊರಾಗ ಯಾರಿಗೂ ಗೊತ್ತಿಲ್ಲ. ತೊಂಬತ್ತರದು ಸಾಲಂಗಿಲ್ಲ, ನೂರರದು ಬೇಕು.”

ಹುಡುಗಿಯರು ಏನೇನೋ ಹೇಳಿ ಪ್ರೀತಿ ತಿಳಿಸುತ್ತಾರೆ ಎಂದು ಹುಲಗೇಶ ಕೇಳಿದ್ದ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ ಎಂದು ಅವನಿಗೂ ತಿಳಿಯಿತು. ನೂರರದೇ ತಗೋಳೂನು ಅಂದ, ಬಹಳ ಮೆಲ್ಲಗೆ.

ಅವಳು ಗಾಜು ಸರಿಸಿ ಹಳೆಯ ಹಾಳೆಯನ್ನು ಹೊರಗೆ ತೆಗೆದಳು. ಹಿಂಬದಿಗೆ ತಿರುಗಿಸಿ ಅರವತ್ತಾರು ಎಂದು ಬರೆದಳು. ಅದರ ಕೆಳಗೆ ಜಾಗ ಬಿಟ್ಟು, ಕೂಡಿಸುವ ಗುರುತು ಹಾಕಿ, ತೂಕದ ಯಂತ್ರದ ಕಡೆ ಕಣ್ಣು ತೋರಿಸಿದಳು.

“ಹತ್ರಿ.”

“ನನ್ನದು ಗೊತ್ತೈತಲ್ರಿ, ಎಪ್ಪತ್ನಾಲ್ಕು.”

“ಅದು ಹೋದ ತಿಂಗಳದ್ದು. ಬೋರ್ಡಿಗಲ್ಲ, ಬೆಲ್ಲಕ್ಕ. ನಾ ಒಪ್ಪಿದ ದಿನ ಇಬ್ಬರ ತೂಕದ ಬೆಲ್ಲಾ ಕೊಡ್ತೀನಿ ಅಂತ ನಮ್ಮವ್ವ ಹರಕಿ ಹೊತ್ತಾಳ.”

ಹುಲಗೇಶ ಬಗ್ಗಿ ಬೂಟು ಬಿಚ್ಚತೊಡಗಿದ. ಲೇಸು ಗಂಟಾಗಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಫೋನು, ಕೀಲಿ, ಚಿಲ್ಲರೆ ಎಲ್ಲವನ್ನೂ ಮೊದಲ ದಿನದ ಹಾಗೆಯೇ ಅವಳ ಮುಂದೆ ಇಟ್ಟು ಯಂತ್ರ ಹತ್ತಿದ. ವಿಶಾಲಾಕ್ಷಿ ಅಂಕಿಯನ್ನು ನೋಡಲಿಲ್ಲ.

“ನೀವೇ ಹೇಳ್ರಿ,” ಅಂದಳು. “ನಂಬತೀನಿ.”