ಶುಕ್ರವಾರ ಒಂದೂವರೆಯ ರಸ್ತೆ

ಕಾರಿನ ಮೂತಿ ನನ್ನ ಸ್ಕೂಟರಿಗೆ ತಾಗಿತು.

ಒಮ್ಮೆ. ಮತ್ತೊಮ್ಮೆ.

ಹಾನಗಲ್ಲಿನಿಂದ ಬೆನ್ನು ಹತ್ತಿದ್ದ ಕಂಪನಿ ಮ್ಯಾನೇಜರ್ ರವಿಕುಮಾರ ಕಿಟಕಿಯಿಂದ ತಲೆ ಹಾಕಿದ.

"ಶಹಾಬುದ್ದೀನ್ ಚಾಚಾ, ಆ ಹಾಳಿ ಕೊಟ್ಟು ಮನೀಗೆ ಹೋಗ್ರಿ. ಈ ವಯಸ್ಸಿನ್ಯಾಗ ಬಿದ್ರ ಎಲುಬು ಕೂಡೂದಿಲ್ಲ."

"ನನ್ನ ಎಲುಬಿನ ಚಿಂತಿ ನಿನಗ ಬ್ಯಾಡೋ."

ಆ ಹಾಳೆ ನನ್ನ ಜುಬ್ಬಾದ ಜೇಬಿನಲ್ಲಿತ್ತು.

ಅವನ ಕಂಪನಿ ಸವಣೂರಿನ ನಲವತ್ತು ಆಟೋಗಳಿಗೆ ಒಂದು ಯಂತ್ರ ಕೂಡಿಸಿತ್ತು. ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡುತ್ತವೆ. ಮುಂದಿನ ಆಟೋ ನಿಂತರೆ ಹಿಂದಿನವು ತಾವಾಗಿಯೇ ನಿಲ್ಲುತ್ತವೆ. ಅದು ಹೊರಟರೆ ಇವೂ ಅದೇ ವೇಗದಲ್ಲಿ ಹೊರಡುತ್ತವೆ. ಇದರಿಂದ ಊರಿನ ದಟ್ಟಣೆ ಇಳಿಯಿತೇ? ನೋಡಿ ಹೇಳಬೇಕಾದವನು ನಾನು... ನಿವೃತ್ತ ಆರ್‌ಟಿಓ ಇನ್‌ಸ್ಪೆಕ್ಟರ್.

'ದಟ್ಟಣೆ ಅರ್ಧ ಇಳಿದಿದೆ. ಪಾದಚಾರಿಗಳಿಗೆ ಅಪಾಯವಿಲ್ಲ.' ಹೀಗೆಂದು ವರದಿ ಬರೆದು ಸಹಿ ಹಾಕಿದೆ.

ಪರೀಕ್ಷೆ ನಡೆಸಿದ್ದು ಶುಕ್ರವಾರ, ಮಧ್ಯಾಹ್ನ ಒಂದೂವರೆಗೆ. ಪೇಟೆಯ ಅಂಗಡಿಗಳೆಲ್ಲ ಬಂದ್. ಜನವೆಲ್ಲ ಜುಮ್ಮಾ ನಮಾಜಿಗೆ. ರಸ್ತೆಯಲ್ಲಿ ಬರೀ ಆಟೋ.

ಕೆಲಸ ಬೇಗ ಮುಗಿಯಲೆಂದು ಆ ಹೊತ್ತನ್ನು ನಾನೇ ಆರಿಸಿದ್ದೆ. ಪರೀಕ್ಷೆಯ ಹೊತ್ತಿಗೆ ಟಿಪ್ಪಣಿ ಮಾಡಿಕೊಂಡ ಈ ಹಾಳೆಯಲ್ಲಿ ವೇಳೆ ಬರೆದಿದ್ದೆ. ವರದಿಯಲ್ಲಿ ಬಿಟ್ಟೆ.

ಕಳೆದ ಸೋಮವಾರ ತುಂಬಿದ ಪೇಟೆ. ಎರಡು ಆಟೋಗಳ ನಡುವೆ ನನ್ನ ಅಕ್ಕ ಕುಲಸುಮಬಿ ವೀಳ್ಯದೆಲೆಯ ಬುಟ್ಟಿ ಹೊತ್ತು ರಸ್ತೆ ದಾಟಿದಳು. ಅಕ್ಕನ ಬಳಿ ಯಂತ್ರವಿರಲಿಲ್ಲ. ಮುಂದಿನ ಆಟೋ ಹೊರಟಿತು; ಅದರ ಬೆನ್ನಿಗೇ ಹೊರಟ ಹಿಂದಿನ ಆಟೋ ನಿಲ್ಲಲಿಲ್ಲ.

ಅಕ್ಕನ ಗೋರಿಯ ಮಣ್ಣು ಇನ್ನೂ ಹಸಿ. ಆ ಆಟೋದ ಚಾಲಕ ಕನಕಪ್ಪ ಲಾಕಪ್ಪಿನಲ್ಲಿ. ತಪ್ಪೆಲ್ಲ ಅವನದೇ ಎಂದು ಕಂಪನಿ ನನ್ನ ವರದಿ ತೋರಿಸುತ್ತಿದೆ.

ಸವಣೂರಿನ ಪೇಟೆ ಬಂತು. ಒಂದರ ಹಿಂದೊಂದು ಎಂಟು ಆಟೋ. ಸ್ಕೂಟರನ್ನು ಪಕ್ಕದಲ್ಲಿ ನುಸುಳಿಸಿ ಎಲ್ಲಕ್ಕಿಂತ ಮುಂದಿದ್ದ ಮಜೀದನ ಆಟೋ ತಲುಪಿದೆ.

"ಮಜೀದ, ಬ್ರೇಕ್ ಒತ್ತು."

ಒತ್ತಿದ. ಎಂಟೂ ಆಟೋಗಳು ಒಂದೇ ಏಟಿಗೆ ನಿಂತವು. ರವಿಕುಮಾರನ ಕಾರಿನಲ್ಲೂ ಅದೇ ಯಂತ್ರ. ಅವನ ಹಣೆ ಸ್ಟೇರಿಂಗಿಗೆ ಬಡಿಯಿತು.

ನಾನು ಎದುರಿನ ಪೊಲೀಸ್ ಠಾಣೆಯ ಮೆಟ್ಟಿಲೇರಿದೆ.

ಇನ್‌ಸ್ಪೆಕ್ಟರ್ ಮಂಜುಳಾ ಹಾಳೆಯನ್ನು ಎರಡು ಸಲ ಓದಿದರು.

"ಚಾಚಾ, ಇದನ್ನ ಕೊಟ್ರ ನಿಮ್ಮ ಮ್ಯಾಲ ಕೇಸ್ ಆಗ್ತೈತ್ರಿ."

"ಗೊತ್ತೈತ್ರಿ ಮೇಡಂ."

ಕಂಬಿಯ ಹಿಂದೆ ಕನಕಪ್ಪ ಎದ್ದು ನಿಂತ. ಮೂರು ದಿನದ ಗಡ್ಡ. ಕಣ್ಣು ಎತ್ತಲಿಲ್ಲ.

"ನಿಮ್ಮಕ್ಕನ್ನ ಕೊಂದಾವನ್ನ ಬಿಡಿಸ್ಕೊಂಡು ಹೋಗಾಕ ಬಂದೀರೇನ್ರಿ ಚಾಚಾ?"

"ಇಲ್ಲೋ ಕನಕಪ್ಪ," ನನ್ನ ಎದೆ ಮುಟ್ಟಿಕೊಂಡು ಎಂದೆ. "ಹಿಡಿದು ಕೊಡಾಕ ಬಂದೇನಿ."